ಮೂವತ್ತೊಂದನೇ ಸುತ್ತು

ತನ್ನ ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ಬಕ್ಕೇಶನಿಗೆ ಗೊತ್ತೇ ಆಗಲಿಲ್ಲ. ಎಸ್.ಎಸ್. ಬಡಾವಣೆಯ ತನ್ನ ಕನ್ನಡಕದ ಅಂಗಡಿಯಿಂದ ಗಿರಾಕಿಯೊಬ್ಬರನ್ನು ಕಳಿಸಿಕೊಡಲು ಹೊರಗೆ ಬಂದವನು ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ನಿಂತು ಮಾತಾಡುತ್ತಿದ್ದ. ಅಂಗಡಿಗೆ ಬಂದಿದ್ದ ಅಕ್ಕ ವಾಣಿ ಒಳಗಿನಿಂದ ಅದನ್ನು ನೋಡಿದಳು.

“ಲೇ ಬಕ್ಕೇಶ, ಕಾಲು ಸುಡಲ್ವೇನೋ?”

ಅವನು ತಲೆ ತಗ್ಗಿಸಿ, ಬೇರೆ ಯಾರದೋ ಪಾದವನ್ನು ನೋಡುವವನ ಹಾಗೆ ತನ್ನ ಪಾದ ನೋಡಿದ. “ಇಲ್ಲಕ್ಕ,” ಅಂದ. “ಏನೂ ಗೊತ್ತಾಗ್ತಿಲ್ಲ.”

ಸ್ಕ್ಯಾನ್ ಆಯಿತು. ಹೆಗಲಮೂಳೆಗಳಿಗಿಂತ ಸ್ವಲ್ಪ ಕೆಳಗೆ, ಬೆನ್ನೆಲುಬಿಗೆ ಅಂಟಿಕೊಂಡು ಗಡ್ಡೆಯೊಂದು ಬೆಳೆದು ಬೆನ್ನುಹುರಿಯನ್ನು ಒತ್ತುತ್ತಿತ್ತು. ಅವನನ್ನು ನೋಡಿದ ಡಾಕ್ಟರ್ ಶಾಹಿಸ್ತಾ ರೇಡಿಯೇಷನ್ ಚಿಕಿತ್ಸೆಯವರು; ಮೆಲುದನಿ, ನೇರ ಮಾತು. ಬಕ್ಕೇಶನ ಎದೆಯ ಮೇಲಿದ್ದ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕಿಗಳನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು.

“ಇದು ಹಳೇ ರೇಡಿಯೇಷನ್ ಗುರುತು. ಯಾವಾಗ ತಗೊಂಡಿದ್ರಿ?”

ಉತ್ತರ ಕೊಟ್ಟವಳು ವಾಣಿ. ಎಂಬತ್ತೆಂಟರಲ್ಲಿ ಬಕ್ಕೇಶನಿಗೆ ಒಂಬತ್ತು ವರ್ಷ, ಅವಳಿಗೆ ಹನ್ನೆರಡು. ಕುತ್ತಿಗೆಯಲ್ಲಿ, ಎದೆಯೊಳಗೆ ಗಂಟುಗಳೆದ್ದು, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಅವನಿಗೆ ‘ಕರೆಂಟ್’ ಕೊಡಿಸಿದ್ದರು. ಎದೆಯ ಮೇಲೆ ನೇರಳೆ ಶಾಯಿಯ ಗೆರೆ ಎಳೆದು, ಚಿಕಿತ್ಸೆ ಮುಗಿಯುವವರೆಗೆ ಅಳಿಸಬಾರದು ಎಂದು ಹೇಳಿ ಕಳಿಸಿದ್ದರು. ಗೆರೆ ಅಳಿಸಿದರೆ ತಮ್ಮ ಸತ್ತುಹೋಗುತ್ತಾನೆ ಎಂದು ನಂಬಿ, ಬೆವರು ಬರದ ಹಾಗೆ ಆ ಬೇಸಿಗೆಯೆಲ್ಲ ಅವನ ಪಕ್ಕ ಕೂತು ಬೀಸಣಿಗೆ ಬೀಸಿದವಳು ಅವಳು.

ಶಾಹಿಸ್ತಾ ಎಲ್ಲ ಕೇಳಿಸಿಕೊಂಡು, ಬಕ್ಕೇಶ ಮತ್ತು ಅವನ ಹೆಂಡತಿ ಆಶಾ ಇಬ್ಬರ ಮುಖವನ್ನೂ ನೋಡಿ ಹೇಳಿದರು: “ಈ ಗಡ್ಡೆಗೆ ರೇಡಿಯೇಷನ್ ಕೊಟ್ರೆ ಕುಗ್ಗುತ್ತೆ. ಆದ್ರೆ ಬೆನ್ನುಹುರಿ ಜೀವಮಾನದಲ್ಲಿ ತಡ್ಕೊಳ್ಳೋದಕ್ಕೆ ಒಂದು ಮಿತಿ ಇದೆ. ಅದು ದಾಟಿದ್ರೆ ಎರಡೂ ಕಾಲು ಹೋಗ್ತವೆ, ವಾಪಸ್ ಬರಲ್ಲ. ಎಂಬತ್ತೆಂಟರಲ್ಲಿ ಇವರ ಬೆನ್ನುಹುರಿಗೆ ಎಷ್ಟು ಡೋಸ್ ಬಿದ್ದಿದೆ, ಎಲ್ಲಿಂದ ಎಲ್ಲಿವರೆಗೆ ಬಿದ್ದಿದೆ, ಅದು ನನಗೆ ಬೇಕು.”

“ಸಿಗದಿದ್ರೆ?” ಎಂದಳು ಆಶಾ.

“ಆಪರೇಷನ್ ಮಾಡಬೇಕಾಗುತ್ತೆ. ಆ ಜಾಗದಲ್ಲಿ ಅದೂ ಸುಲಭದ್ದಲ್ಲ. ತಡ ಮಾಡೋ ಹಂಗೂ ಇಲ್ಲ.”

ಆ ಹಳೇ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಾಗದಪತ್ರಗಳೆಲ್ಲ ರದ್ದಿಗೆ ಹೋಗಿ, ಆ ಜಾಗದಲ್ಲಿ ಕಲ್ಯಾಣ ಮಂಟಪವೊಂದು ಎದ್ದಿತ್ತು. ಶಾಹಿಸ್ತಾ ತಮ್ಮ ಗುರುಗಳಿಗೆ ಫೋನ್ ಮಾಡಿ ವಿಚಾರಿಸಿದಾಗ ಒಂದು ಸುಳಿವು ಸಿಕ್ಕಿತು. ಅಲ್ಲಿ ಆ ಕಾಲಕ್ಕೇ ಕಂಪ್ಯೂಟರಿನಲ್ಲಿ ಡೋಸ್ ಲೆಕ್ಕ ಹಾಕುತ್ತಿದ್ದರಂತೆ. ಲೆಕ್ಕ ಹಾಕುತ್ತಿದ್ದವರು ಮುರುಗೇಶಪ್ಪ ಎಂಬುವವರು. ನಿವೃತ್ತರಾಗಿ ಹರಿಹರದಲ್ಲಿದ್ದಾರೆ; ಆ ಲೆಕ್ಕ ತುಂಬಿಟ್ಟ ಫ್ಲಾಪಿ ತಟ್ಟೆಗಳು ಅವರ ಹತ್ತಿರ ಉಳಿದಿರಬಹುದು.

ಆ ಮಾತು ಕೇಳಿದಾಗ ವಾಣಿಯ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅವಳು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ಸರಸ್ವತಿ ನಗರದ ಅವಳ ಮನೆಯ ಮುಂದಿನ ಕೋಣೆಯ ತುಂಬ ಹಳೇ ಕಂಪ್ಯೂಟರುಗಳಿದ್ದವು. ಯಾವ ಕಾಲದ್ದೋ, ಯಾವ ದೇಶದ್ದೋ ಫ್ಲಾಪಿಯನ್ನು ಇಂದಿನ ಲ್ಯಾಪ್‌ಟಾಪಿಗೆ ಓದಿಸುವುದು ಅವಳ ಹುಚ್ಚು. ಅದಕ್ಕೆಂದೇ ಒಂದು ಅಡಾಪ್ಟರ್ ಮಾಡಿಕೊಂಡಿದ್ದಳು. ಅಂಗೈಯಗಲದ ಹಸಿರು ಬೋರ್ಡು. ಒಂದು ತುದಿಗೆ ಹಳೇ ಡ್ರೈವು, ಇನ್ನೊಂದು ತುದಿಗೆ ಲ್ಯಾಪ್‌ಟಾಪು. ಮುದ್ರಣಾಲಯದವರು, ಜಿನ್ನಿಂಗ್ ಮಿಲ್ಲಿನವರು ತಂದುಕೊಟ್ಟ ಫ್ಲಾಪಿಗಳನ್ನು ಓದಿಕೊಟ್ಟಿದ್ದಳು. ಎಷ್ಟೋ ಸಲ ಓದಲಾಗದೆ “ಸಾರಿ ರೀ, ಹೋಗಿಬಿಟ್ಟೈತೆ” ಎಂದು ವಾಪಸ್ ಕೊಟ್ಟದ್ದೂ ಇತ್ತು. ಆ ಮಾತನ್ನು ಈಗ ತಮ್ಮನಿಗೆ ಹೇಳಬೇಕಾಗಿ ಬಂದರೆ?

ಮುರುಗೇಶಪ್ಪನವರ ಮನೆ ಗುತ್ತೂರಿನ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ಎಪ್ಪತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ವಾಣಿ ಆಸ್ಪತ್ರೆಯ ಹೆಸರು ಹೇಳಿ ಹಳೇ ಫ್ಲಾಪಿ ಕೇಳಿದ್ದೇ ತಡ, ಅವರ ಮುಖ ಬಿಗಿಯಿತು.

“ಯಾವ ಡಿಸ್ಕು? ನನ್ನತ್ರ ಏನೂ ಇಲ್ಲ್ರೀ. ಆಸ್ಪತ್ರೆ ಮುಚ್ಚಿದಾಗ ಎಲ್ಲಾ ಅಲ್ಲೇ ಬಿಟ್ಟು ಬಂದೀನಿ.”

ಚಹಾ ತಂದ ಅವರ ಹೆಂಡತಿ ಬಸವಣ್ಣೆಮ್ಮ ತಟ್ಟೆ ಕೆಳಗಿಡುತ್ತಾ, “ಅಟ್ಟದ ಮ್ಯಾಲೆ ತಗಡಿನ ಪೆಟ್ಟಿಗೆ ಐತಲ್ರೀ, ಅದರಾಗಿರೋದೇನು ಮತ್ತ?” ಅಂದರು.

“ನೀ ಸುಮ್ಕಿರು.”

“ಯಾಕ ಸುಮ್ಕಿರ್ಲಿ? ಹೊಳಿ ನೀರು ಮನಿಗೆ ನುಗ್ಗಿದಾಗ ನನ್ನ ಸೀರಿ ಬಿಟ್ಟು ಆ ಪೆಟ್ಟಿಗಿ ಹೊತ್ಕೊಂಡು ಓಡಿದವರು ನೀವು.”

ಮುರುಗೇಶಪ್ಪ ಎದ್ದು ಬಾಗಿಲ ಹೊರಗೆ ಇಣುಕಿ ನೋಡಿ ಬಂದರು. “ಒಬ್ಬರೇ ಬಂದೀರೋ, ವಕೀಲರು ಯಾರಾದ್ರೂ ಅದಾರೋ?”

“ಸರ್, ದೂರು ಕೊಡಾಕ ಬಂದಿಲ್ಲ ನಾನು. ನನ್ನ ತಮ್ಮಗ ಒಂಬತ್ತು ವರ್ಷ ಇದ್ದಾಗ ನೀವು ಅಲ್ಲಿ ಕರೆಂಟ್ ಕೊಟ್ಟಿದ್ರಿ. ಈಗ ಬೆನ್ನಾಗ ಗಡ್ಡೆ ಬಂದೈತೆ. ಆಗ ಎಷ್ಟು ಕೊಟ್ಟಿದ್ರಿ ಅಂತ ಗೊತ್ತಾಗದ ಹೊರತು ಡಾಕ್ಟರು ಮುಂದಕ್ಕೆ ಹೋಗಂಗಿಲ್ಲ.”

ಮುರುಗೇಶಪ್ಪ ಅವಳ ಹತ್ತಿರಕ್ಕೆ ಬಂದರು.

“ಆ ಹುಡುಗ ಬದುಕ್ಯಾನ?”

“ಬದುಕ್ಯಾನ್ರಿ. ಕನ್ನಡಕದ ಅಂಗಡಿ ಐತೆ. ಒಬ್ಬಳು ಮಗಳು.”

“ಆಗ ಬಂದ ಮಕ್ಕಳು ಯಾರು ಉಳಿದ್ರು, ಯಾರು ಹೋದ್ರು, ನನಗ ಯಾರೂ ಹೇಳ್ಲಿಲ್ಲ,” ಅಂದರು ಮುರುಗೇಶಪ್ಪ. ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಕೂತರು. “ಒಯ್ಯಿರಿ. ಆದರ ನನ್ನನ್ನ ಎಲ್ಲೂ ಕರೀಬ್ಯಾಡ್ರಿ. ಈಗ ಬಂದ ಗಡ್ಡೆ ನಾ ಕೊಟ್ಟ ಕರೆಂಟ್‌ದಿಂದ ಬಂದದ್ದು ಅಂತ ಯಾರಾದ್ರೂ ಅಂದ್ರೆ ನನಗ ತಡಕೊಳ್ಳಾಕ ಆಗಂಗಿಲ್ಲ.”

ಆ ವಿಚಾರ ವಾಣಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ತಗಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ಕೊರೆಯಿತು. ರಸ್ತೆಯ ಉಬ್ಬಿನಲ್ಲಿ ಬಸ್ಸು ಹಾರಿದಾಗಲೆಲ್ಲ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಳು.

ಮನೆಗೆ ಬಂದು ಮುಚ್ಚಳ ತೆರೆದಾಗ ಮೊದಲು ಬಂದದ್ದು ವಾಸನೆ, ಕೆಸರಿನದು, ಬೂಷ್ಟಿನದು. ಅಗಲವಾದ ಹಳೇ ಕಾಲದ ಫ್ಲಾಪಿಗಳು, ಕಾಗದದ ಲಕೋಟೆಗಳಿಗೆ ಅಂಟಿಕೊಂಡಿದ್ದವು. ಚೀಟಿಗಳ ಶಾಯಿ ನೀರಿನಲ್ಲಿ ಕದಡಿ ನೀಲಿ ಮೋಡವಾಗಿತ್ತು. ಕೆಲವದರ ಮೇಲೆ ಮಾತ್ರ ಇಸವಿಯ ಕೊನೆಯ ಅಂಕಿಗಳು ಕಾಣುತ್ತಿದ್ದವು. ‘88’ ಎಂದು ಓದಬಹುದಾದದ್ದು ಒಂದೇ ಒಂದು. ಅದರ ಕಿಟಕಿಯಲ್ಲಿ ಕಾಣುವ ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟು ಹೂವಿನ ಹಾಗೆ ಹರಡಿತ್ತು.

ಅದನ್ನು ಪಕ್ಕಕ್ಕಿಟ್ಟು ಬೇರೊಂದನ್ನು ತೆಗೆದುಕೊಂಡು, ನಡುವಿನ ವೃತ್ತಕ್ಕೆ ಬೆರಳು ಹಾಕಿ ಮೆಲ್ಲಗೆ ತಿರುಗಿಸಿದಳು. ಸಾಮಾನ್ಯ ಫ್ಲಾಪಿಯಲ್ಲಿ ಒಂದು ಸುತ್ತಿಗೆ ಒಂದೇ ತೂತು ಕಾಣಿಸಬೇಕು. ಸುತ್ತು ಎಲ್ಲಿಂದ ಶುರು ಎಂದು ಡ್ರೈವಿಗೆ ತಿಳಿಯುವುದು ಆ ತೂತಿನಿಂದ. ಇದರಲ್ಲಿ ಒಂದಾದ ಮೇಲೆ ಒಂದು ತೂತು ಬರುತ್ತಲೇ ಇತ್ತು. ಒಂದು ಕಾಲದ ಕೆಲವೇ ಕಂಪನಿಗಳು ಹೀಗೆ ಮಾಡುತ್ತಿದ್ದವು. ಅವಳ ಬೋರ್ಡು ಇದನ್ನು ಓದಲಾರದು. ಪ್ರತಿ ತೂತನ್ನೂ ಹೊಸ ಸುತ್ತಿನ ಶುರು ಎಂದುಕೊಂಡು ಕಂಗಾಲಾಗುತ್ತದೆ.

ಇಂಥ ಫ್ಲಾಪಿಯಲ್ಲಿ ಒಂದು ತೂತು ಮಾತ್ರ ಬೇರೆಯವುಗಳ ಸಾಲಿಗೆ ಸೇರದೆ, ಎರಡರ ನಡುವೆ ಇರುತ್ತದೆ. ಶುರು ಅದೇ. ಆ ಒಂದನ್ನು ಹೆಕ್ಕಿ, ಉಳಿದವನ್ನು ಬೇರೆಯಾಗಿ ಎಣಿಸುವ ಪುಟ್ಟ ಸರ್ಕ್ಯೂಟನ್ನು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೂತು ಮಾಡಿ, ಬೋರ್ಡಿಗೂ ಡ್ರೈವಿಗೂ ಮಧ್ಯೆ ಬೆಸುಗೆ ಹಾಕಿದಳು. ಕೆಲಸ ಮುಗಿಯುವ ಹೊತ್ತಿಗೆ ಆಶಾಳ ಫೋನ್ ಬಂತು. ಬಕ್ಕೇಶ ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದ. ಪೆಟ್ಟೇನೂ ಆಗಿರಲಿಲ್ಲ. “ಆದ್ರೆ ಬಲಗಾಲೂ ಜುಮ್ಮಂತೈತೆ ಅಂತಾರೆ ಅಕ್ಕ,” ಎಂದಳು ಆಶಾ. ವಾಣಿ ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು.

ಎಂಬತ್ತೆಂಟರ ಫ್ಲಾಪಿಯನ್ನು ನೇರ ಡ್ರೈವಿಗೆ ಹಾಕುವ ಧೈರ್ಯ ಅವಳಿಗಿರಲಿಲ್ಲ. ಮೊದಲು ಬೇರೆ ಯಾವುದರಲ್ಲಾದರೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಹೆಚ್ಚು ಬೂಷ್ಟು ಹಿಡಿದ, ಚೀಟಿಯೇ ಉದುರಿಹೋದ ಒಂದನ್ನು ಆರಿಸಿ, ಹತ್ತಿಯಿಂದ ಒರೆಸಿ, ಡ್ರೈವಿಗೆ ತೂರಿಸಿ ಚಿಲಕ ತಿರುಗಿಸಿದಳು. ಮೋಟಾರು ತಿರುಗಿತು. ತಟ್ಟೆಯ ಮೇಲೆ ಉಂಗುರ ಉಂಗುರವಾಗಿ ಬರೆದಿದ್ದ ಸುತ್ತುಗಳಲ್ಲಿ ಕೆಲವು ಸರಿಯಾಗಿ ಬಂದವು, ಸರ್ಕ್ಯೂಟು ಕೆಲಸ ಮಾಡುತ್ತಿತ್ತು. ಅವಳು ಉಸಿರು ಬಿಡುವಷ್ಟರಲ್ಲಿ ‘ಕಿರ್‍ರ್’ ಎಂದು ಸೀಮೆಸುಣ್ಣ ಹಲಗೆಗೆ ಉಜ್ಜಿದಂಥ ಸದ್ದು. ಕೈ ಚಾಚಿ ಕರೆಂಟು ಆರಿಸುವ ಹೊತ್ತಿಗೆ ತಡವಾಗಿತ್ತು. ಹೊರಗೆ ತೆಗೆದು ನೋಡಿದರೆ ತಟ್ಟೆಯ ಮೇಲೆ ಉಂಗುರದಾಕಾರದಲ್ಲಿ ಕಂದು ಲೇಪ ಕೆರೆದುಹೋಗಿ, ಬರೀ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಹಾಯುತ್ತಿತ್ತು. ಡ್ರೈವಿನ ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕೂತಿತ್ತು. ಅಲ್ಲಿ ಬರೆದಿದ್ದ ಅಕ್ಷರವೆಲ್ಲ ಆ ಪುಡಿಯೊಳಗಿತ್ತು.

ಉಳಿದ ಸುತ್ತುಗಳಿಂದ ಬಂದದ್ದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು. ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು: ಮೈಲಮ್ಮ. ಹೆಣ್ಣು. ವಯಸ್ಸು ಆರು. ಮುಂದಿನದು ಇರಲಿಲ್ಲ.

ಆರು ವರ್ಷದ ಆ ಮೈಲಮ್ಮ ಬದುಕಿದ್ದರೆ ಈಗ ನಲವತ್ತು ದಾಟಿದ ಹೆಂಗಸು. ಎಲ್ಲೋ ಒಂದು ಊರಲ್ಲಿ ಅವಳ ಕಾಲೂ ಒಂದು ದಿನ ಜುಮ್ಮೆನ್ನಬಹುದು. ಅವಳ ಕಡೆಯವರೂ ಹುಡುಕಿಕೊಂಡು ಬರಬಹುದು. ವಾಣಿ ಲ್ಯಾಪ್‌ಟಾಪ್ ಮುಚ್ಚಿ ಹಿತ್ತಲಿಗೆ ಹೋಗಿ ನಿಂತಳು. ಬೂಷ್ಟು ಹೆಚ್ಚು ಇದ್ದದ್ದು ಎಂದು ತಾನು ಆರಿಸಿದ್ದು ಒಂದು ಮಗುವನ್ನು. ಆ ದಿನ ಮತ್ತೆ ಡ್ರೈವಿನ ಹತ್ತಿರ ಹೋಗಲಿಲ್ಲ.

ಮಾರನೆಯ ದಿನ ಬೆಳಗ್ಗೆ ಎಂಬತ್ತೆಂಟರ ಫ್ಲಾಪಿಯ ಕವಚದ ಅಂಚನ್ನು ಬ್ಲೇಡಿನಿಂದ ಸೀಳಿ, ಹಪ್ಪಳಕ್ಕಿಂತ ತೆಳ್ಳಗಿನ ತಟ್ಟೆಯನ್ನು ಹೊರತೆಗೆದಳು. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಎಣ್ಣೆ ಹಚ್ಚಿದ ಹಸುಗೂಸಿನ ಮೈ ತೊಳೆಯುವ ಹಾಗೆ ಬೆರಳ ತುದಿಯಿಂದ ತೊಳೆದಳು. ಬೂಷ್ಟು ಬಿಟ್ಟಿತು. ಆದರೆ ಹೊರ ಅಂಚಿಗೂ ನಡುವಿಗೂ ಮಧ್ಯೆ ಬೂಷ್ಟು ಕೂತಿದ್ದ ಒಂದು ಜಾಗದಲ್ಲಿ ಲೇಪ ಮಂಕಾಗಿತ್ತು. ನೆರಳಲ್ಲಿ ಒಣಗಿಸಿ, ಹೊಸ ಫ್ಲಾಪಿಯೊಂದರ ಕವಚ ಬಿಡಿಸಿ ಅದರೊಳಗೆ ಇದನ್ನು ಸೇರಿಸಿದಳು. ಕರೆಂಟು ಹೋದರೆ ಮಧ್ಯದಲ್ಲಿ ನಿಲ್ಲಬಾರದೆಂದು ಡ್ರೈವನ್ನು ಯುಪಿಎಸ್‌ಗೆ ಹಾಕಿದಳು. ಆಮೇಲೆ ಕೂತು, ಕಿವಿಯೆಲ್ಲಾ ಡ್ರೈವಿನ ಕಡೆಗಿಟ್ಟು, ಸುತ್ತಿನಿಂದ ಸುತ್ತಿಗೆ ಓದಿಸಿದಳು. ಮಂಕಾದ ಜಾಗ ಬಂದಾಗ ಸದ್ದು ಸ್ವಲ್ಪ ಬದಲಾಯಿತು. ಬೆರಳು ಗುಂಡಿಯ ಮೇಲೇ ಇತ್ತು, ಆರಿಸಲಿಲ್ಲ. ಸದ್ದು ಮತ್ತೆ ಮೊದಲಿನಂತಾಯಿತು. ಮೂವತ್ತೊಂದನೇ ಸುತ್ತು ಮಾತ್ರ ಓದಲು ಬಂದಿರಲಿಲ್ಲ. ಉಳಿದದ್ದೆಲ್ಲ ಲ್ಯಾಪ್‌ಟಾಪಿಗೆ ಇಳಿದಿತ್ತು.

ಬಕ್ಕೇಶನ ಹೆಸರು ಅದರೊಳಗಿತ್ತು. ತಂದೆಯ ಹೆಸರು, ಊರು ದಾವಣಗೆರೆ, ವಯಸ್ಸು ಒಂಬತ್ತು. ಡೋಸು, ಎದೆಗೆ ಕೊಟ್ಟ ರೇಡಿಯೇಷನ್ನಿನ ಮೇಲಿನ ಗಡಿ, ಕೆಳಗಿನ ಗಡಿ, ಎಲ್ಲ. ವಾಣಿ ಅದನ್ನು ಕಳಿಸಿದ ಅರ್ಧ ಗಂಟೆಯಲ್ಲಿ ಶಾಹಿಸ್ತಾ ಫೋನ್ ಮಾಡಿದರು. ಅವರ ದನಿಯಲ್ಲಿ ಮೊದಲ ಸಲ ನಗು ಇತ್ತು.

“ಕೆಳಗಿನ ಗಡಿ ಈಗಿನ ಗಡ್ಡೆಗಿಂತ ಮೇಲೇ ನಿಂತಿದೆ. ಅಂದ್ರೆ ಆ ಭಾಗದ ಬೆನ್ನುಹುರಿಗೆ ಹೆಚ್ಚೇನೂ ಬಿದ್ದಿಲ್ಲ. ಪೂರ್ತಿ ಡೋಸ್ ಕೊಡಬಹುದು. ಸೋಮವಾರ ಶುರು ಮಾಡೋಣ.”

ಶನಿವಾರ ಬಕ್ಕೇಶನ ಮನೆಯಲ್ಲಿ ಎಷ್ಟೋ ದಿನದ ಮೇಲೆ ನಗು ಕೇಳಿಸಿತು. ಬೆಣ್ಣೆ ದೋಸೆ ತರಿಸಿದ್ದರು. ಬಕ್ಕೇಶ ಕುರ್ಚಿಯಲ್ಲಿ ಕೂತೇ ಮಗಳಿಗೆ ಹೇಳುತ್ತಿದ್ದ, “ನಿಮ್ಮ ಅತ್ತೆ ಆ ಗುಜರಿ ಸಾಮಾನು ಇಟ್ಕೊಂಡಿದ್ದಕ್ಕೆ ನಾನು ಎಷ್ಟು ನಕ್ಕೀನಿ ಗೊತ್ತಾ?” ವಾಣಿಯೂ ನಕ್ಕಳು. ನಗುತ್ತಲೇ, ಓದದೆ ಉಳಿದ ಮೂವತ್ತೊಂದನೇ ಸುತ್ತು ನೆನಪಾಯಿತು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮನೆಗೆ ಬಂದು ಫ್ಲಾಪಿಯ ಸೂಚಿಯನ್ನು ಮತ್ತೆ ತೆರೆದಳು. ಯಾವ ಕಡತ ಯಾವ ಸುತ್ತಿನಲ್ಲಿದೆ ಎಂದು ಅದರಲ್ಲಿರುತ್ತದೆ. ಬಕ್ಕೇಶನ ಕಡತ ತಾನು ಓದಿದಷ್ಟಕ್ಕೇ ಮುಗಿದಿರಲಿಲ್ಲ. ಅದರ ಕೊನೆಯ ತುಂಡು ಇದ್ದದ್ದು ಮೂವತ್ತೊಂದನೇ ಸುತ್ತಿನಲ್ಲಿ.

ಏನೂ ಇಲ್ಲದಿರಬಹುದು. ಕಡತದ ಬಾಲದಲ್ಲಿ ಖಾಲಿ ಜಾಗ ಇರುವುದುಂಟು. ಅದಕ್ಕಾಗಿ ಚಿಕಿತ್ಸೆ ತಡೆದರೆ ತಮ್ಮನ ಕಾಲು ಹೋಗಬಹುದು. ತಡೆಯದಿದ್ದರೆ? ಆ ‘ತಡೆಯದಿದ್ದರೆ’ ಅವಳನ್ನು ಕೂರಲೂ ಬಿಡಲಿಲ್ಲ, ಮಲಗಲೂ ಬಿಡಲಿಲ್ಲ. ಭಾನುವಾರ ಬೆಳಗ್ಗೆ ಮುರುಗೇಶಪ್ಪನವರಿಗೆ ಫೋನ್ ಮಾಡಿದಳು.

“ಸರ್, ಒಂದೇ ಮಾತು ಕೇಳ್ತೀನಿ. ಒಬ್ಬರಿಗೇ ಎರಡು ಸಲ ಡೋಸಿನ ಪ್ಲಾನ್ ಮಾಡೋದಿತ್ತಾ?”

ಮುರುಗೇಶಪ್ಪ ಉತ್ತರಿಸುವ ಬದಲು ತಾವೇ ಕೇಳಿದರು.

“ಕಡೀ ಭಾಗ ಸಿಕ್ಕಿಲ್ಲೇನು?”

“ಇಲ್ಲ.”

“ಶುರು ಮಾಡಬ್ಯಾಡ ಅಂತ ಹೇಳ್ರಿ ಡಾಕ್ಟರಿಗೆ. ನಾನೇ ಬರ್ತೀನಿ.”

ಶಾಹಿಸ್ತಾ ಒಂದೇ ಮಾತಿಗೆ ಒಪ್ಪಿದರು. ಬಕ್ಕೇಶ ಒಪ್ಪಲಿಲ್ಲ. ಫೋನಿನಲ್ಲಿ ಅವನ ದನಿ ಒಡೆದುಹೋಯಿತು. “ಡಾಕ್ಟರೇ ಸಾಕು ಅಂದ ಮ್ಯಾಲೆ ನಿಂದೇನಕ್ಕ? ಬೆಳಗ್ಗೆ ನಿಲ್ಲಾಕ ಹೋದ್ರೆ ಬಲಗಾಲೂ ಮಡಚ್ಕೊಂತು. ನಾಳೆ ಹೋಗೇ ಹೋಗ್ತೀನಿ ನಾನು.”

“ಬ್ಯಾಡೋ ಬಕ್ಕೇಶ. ಒಂದು ದಿನ ಕೊಡು ನನಗ. ನಿನ್ನ ಕಾಲಿಗೆ ಬೀಳ್ತೀನಿ.”

ಅವನು ಫೋನ್ ಇಟ್ಟುಬಿಟ್ಟ.

ಮುರುಗೇಶಪ್ಪ ವಾಣಿಯ ಮನೆಗೆ ಬಂದಾಗ ಮಧ್ಯಾಹ್ನ. ಬಸವಣ್ಣೆಮ್ಮನೂ ಜೊತೆಗೆ ಬಂದಿದ್ದರು, ಗಂಡನ ತೋಳು ಹಿಡಿದು. ಮುರುಗೇಶಪ್ಪ ಹಳೇ ಕಂಪ್ಯೂಟರುಗಳ ಕಡೆ ಕಣ್ಣೆತ್ತಿಯೂ ನೋಡದೆ ಡ್ರೈವಿನ ಮುಂದೆ ಕೂತರು. ಆಸ್ಪತ್ರೆಯ ಆ ಕಂಪ್ಯೂಟರಿನ ಡ್ರೈವು ಮೊದಲಿನಿಂದಲೂ ಸ್ವಲ್ಪ ಓರೆಯಾಗಿ ಬರೆಯುತ್ತಿತ್ತು, ರಿಪೇರಿಗೆ ಬಂದವನು ಪ್ರತಿ ಸಲ ಬೈಯುತ್ತಿದ್ದ ಎಂದು ನೆನಪು ಮಾಡಿಕೊಂಡರು. ವಾಣಿಗೆ ಅಷ್ಟು ಸಾಕಾಯಿತು. ಓರೆಯಾಗಿ ಬರೆದದ್ದನ್ನು ಓರೆಯಾಗಿಯೇ ಓದಬೇಕು. ಡ್ರೈವಿನ ಹೆಡ್ಡನ್ನು ಹಿಡಿದ ತಿರುಪು ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಬಿಗಿದಳು.

“ಎಷ್ಟು ಸಲ ಓದಿಸಬಹುದು?” ಎಂದು ಮುರುಗೇಶಪ್ಪ ಕೇಳಿದರು.

“ಗೊತ್ತಿಲ್ಲ ಸರ್. ಆ ಜಾಗದಾಗ ಲೇಪ ಸಡಿಲಾಗೈತೆ. ಒಂದು ಸಲ ಕೆರೀತು ಅಂದ್ರೆ ಮುಗೀತು.”

ಮೊದಲ ಸಲ ಅರ್ಥವಿಲ್ಲದ ಗೊಜ್ಜು ಬಂತು. ಹೆಡ್ಡನ್ನು ಒರೆಸಿದಾಗ ಹತ್ತಿಗೆ ಕಂದು ಹತ್ತಿತ್ತು. ಅದನ್ನು ಮುಚ್ಚಿಟ್ಟು, ಹೆಡ್ಡನ್ನು ಇನ್ನೊಂದು ಕೂದಲೆಳೆ ಸರಿಸಿದಳು. ಎರಡನೇ ಸಲ ಅರ್ಧಂಬರ್ಧ ಅಕ್ಷರ. ಹೆಡ್ಡನ್ನು ಇನ್ನಷ್ಟು ಸರಿಸಿ ಮೂರನೇ ಸಲ ಚಿಲಕ ತಿರುಗಿಸಿದಳು. ಮೋಟಾರು ತಿರುಗಿತು. ಮತ್ತೆ ಅದೇ ಸದ್ದು, ಸಣ್ಣಗೆ, ಕಿವಿಯ ಹತ್ತಿರ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಶುರುವಾಯಿತು. ಬಸವಣ್ಣೆಮ್ಮ ಕಣ್ಣು ಮುಚ್ಚಿಕೊಂಡರು. ಸದ್ದು ಏರಿತು. ವಾಣಿ ಕರೆಂಟು ಕಿತ್ತಳು.

ಫ್ಲಾಪಿಯನ್ನು ಬೆಳಕಿಗೆ ಹಿಡಿದರೆ ತೆಳ್ಳಗಿನ ಗೀರೊಂದು ಹೊಳೆಯಿತು. ಇನ್ನು ಅದು ಯಾರಿಗೂ ಓದಲು ಬಾರದು.

ಆದರೆ ನಿಲ್ಲುವ ಮೊದಲು ತಟ್ಟೆ ಕೆಲವು ಸಲ ತಿರುಗಿತ್ತು. ಅಷ್ಟರಲ್ಲಿ ಬೋರ್ಡು ಹಿಡಿದದ್ದನ್ನು ಲ್ಯಾಪ್‌ಟಾಪು ಜೋಡಿಸುತ್ತಾ ಹೋಯಿತು. ಒಂದು ಸಲ ತಪ್ಪಿದ್ದು ಇನ್ನೊಂದು ಸಲ ಸಿಕ್ಕಿತ್ತು. ಪರದೆಯ ಮೇಲೆ ಅಂಕಿಗಳ ಸಾಲು ಮೂಡಿತು. ವಾಣಿಗೆ ಅದು ಬರೀ ಅಂಕಿ. ಮುರುಗೇಶಪ್ಪ ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದರು. ಬೆರಳಿಟ್ಟು ಸಾಲು ಸಾಲಾಗಿ ಅಂಕಿಗಳನ್ನು ನೋಡುತ್ತಾ ಹೋದರು.

“ಏನ್ರೀ ಅದು? ಹೇಳ್ರಲ್ಲ,” ಎಂದರು ಬಸವಣ್ಣೆಮ್ಮ.

“ಎರಡನೇ ಪ್ಲಾನು,” ಅಂದರು ಅವರು. “ಅರ್ಧ ಚಿಕಿತ್ಸಿ ಆದ ಮ್ಯಾಲೆ ಕೆಳಗೂ ಒಂದು ಗಂಟು ಕಂಡಿತ್ತು. ದೊಡ್ಡ ಡಾಕ್ಟರು ಗಡಿ ಕೆಳಗೆ ಇಳಸು ಅಂದ್ರು. ನಾನೇ ಲೆಕ್ಕ ಹಾಕಿದ್ದು. ನೋಡ್ರಿ, ಇಲ್ಲಿ. ಈಗ ಗಡ್ಡೆ ಎಲ್ಲೈತೋ ಅದರ ಹಿಂದಿನ ಬೆನ್ನುಹುರಿಗೆ, ತಡಕೊಳ್ಳೋ ಮಿತಿಯೊಳಗ ಮುಕ್ಕಾಲು ಪಾಲು ಆಗಲೇ ಬಿದ್ದೈತೆ.”

ವಾಣಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ನಾಳೆ ಸೋಮವಾರ. ನಾಳೆ ಶುರುವಾಗಿದ್ದರೆ, ದಿನಕ್ಕಿಷ್ಟರಂತೆ, ಯಾರ ಕಣ್ಣಿಗೂ ಕಾಣದೆ, ಯಾರ ತಪ್ಪೂ ಅಲ್ಲದೆ, ಅವಳೇ ಓದಿಕೊಟ್ಟ ಅಂಕಿಯ ಮೇಲೆ ತಮ್ಮನ ಎರಡೂ ಕಾಲು ಹೋಗುತ್ತಿದ್ದವು. ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಳು. ಬಸವಣ್ಣೆಮ್ಮ ನೀರು ತಂದು ಕುಡಿಸಿದರು.

ಶಾಹಿಸ್ತಾ ಅಂಕಿಗಳನ್ನು ಎರಡೆರಡು ಸಲ ಓದಿಸಿಕೊಂಡು, “ದೇವರು ದೊಡ್ಡವನು,” ಎಂದರು. ಆಮೇಲೆ ಕೆಲಸದ ದನಿಗೆ ಮರಳಿದರು. ಪೂರ್ತಿ ಡೋಸಿನ ಮಾತೇ ಇಲ್ಲ. ಮೊದಲು ಆಪರೇಷನ್ ಮಾಡಿ ಬೆನ್ನುಹುರಿಯ ಮೇಲಿನ ಒತ್ತಡ ಬಿಡಿಸಬೇಕು. ತೆಗೆಯಲಾಗದೆ ಉಳಿದ ಅಂಚಿಗೆ, ಬೆನ್ನುಹುರಿಯನ್ನು ತಪ್ಪಿಸಿ, ಪಕ್ಕದಿಂದ ಸ್ವಲ್ಪವೇ ರೇಡಿಯೇಷನ್. ಆಪರೇಷನ್ನಿನಲ್ಲಿ ಏನೂ ಆಗಬಹುದು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಬಕ್ಕೇಶನಿಗೆ ಹೇಳಲು ವಾಣಿಯೇ ಹೋದಳು. ಅವನು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಲ್ಲ ಕೇಳಿಸಿಕೊಂಡ. ತಿರುಗಲಿಲ್ಲ.

“ನನಗ ಹೆದರಿಕೆ ಆಗ್ತೈತಕ್ಕ,” ಅಂದ, ಕೊನೆಗೆ.

“ನನಗೂ.”

ಅವಳು ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಅಂಗಿಯ ಒಳಗೆ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಆಪರೇಷನ್ ಬೆಳಗ್ಗೆ ಶುರುವಾಗಿ ಸಂಜೆಯವರೆಗೆ ನಡೆಯಿತು. ಆಶಾ, ವಾಣಿ ಇಬ್ಬರೂ ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ಕೂತಿದ್ದರು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುವರು. ಬೇರೆ ಯಾರದೋ ಹೆಸರು ಕೂಗಿದರೆ ಕೂರುವರು. ಮಧ್ಯಾಹ್ನದ ಹೊತ್ತಿಗೆ ಮುರುಗೇಶಪ್ಪ ಬಂದು ಬೆಂಚಿನ ತುದಿಯಲ್ಲಿ ಕೂತರು. ಯಾರೂ ಕರೆದಿರಲಿಲ್ಲ. ಶಾಹಿಸ್ತಾ ಆ ಕಡೆ ಬಂದಾಗ ಎದ್ದು ನಿಂತು, ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ ಕೇಳಿದರು.

“ಮೇಡಂ, ಈ ಗಡ್ಡೆ ನಾವು ಅವತ್ತು ಕೊಟ್ಟಿದ್ದರಿಂದಲೇ ಬಂದದ್ದೇನು?”

ಶಾಹಿಸ್ತಾ ಸುಳ್ಳು ಹೇಳಲಿಲ್ಲ. “ಇರಬಹುದು ಸರ್. ಖಚಿತವಾಗಿ ಯಾರೂ ಹೇಳೋಕಾಗಲ್ಲ. ಅವತ್ತು ಕೊಡದೇ ಇದ್ದಿದ್ರೆ ಇವರು ಹತ್ತನೇ ವರ್ಷ ನೋಡ್ತಿರಲಿಲ್ಲ, ಅದಂತೂ ಹೇಳಬಹುದು.”

ಅವರು ತಲೆಯಾಡಿಸಿದರು. ಸಮಾಧಾನವಾಯಿತೋ ಇಲ್ಲವೋ, ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಸಂಜೆಯವರೆಗೂ ಅಲ್ಲೇ ಕೂತಿದ್ದರು.

ಬಕ್ಕೇಶನಿಗೆ ಎಚ್ಚರವಾದ ಮೇಲೆ ಸರ್ಜನ್ನು ಅವನ ಪಾದದ ಅಡಿಗೆ ಬೆರಳಿನಿಂದ ಗೀಚಿದರು. ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಎಡಗಾಲು ಅಲ್ಲಾಡಲಿಲ್ಲ. ಆಶಾ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಎಡಗಾಲಿಗೆ ಜೀವ ಬರಲು ತಿಂಗಳುಗಳೇ ಬೇಕಾದವು. ಪೂರ್ತಿ ಬರಲೂ ಇಲ್ಲ. ಉಳಿದ ಅಂಚಿಗೆ ಅಳೆದು ತೂಗಿ ರೇಡಿಯೇಷನ್ ಕೊಟ್ಟರು. ದೀಪಾವಳಿಯ ಹೊತ್ತಿಗೆ ಬಕ್ಕೇಶ ಕೋಲೂರಿಕೊಂಡು ಅಂಗಡಿಗೆ ಬಂದು ಕೂತ. ಕೆಲವು ಗಿರಾಕಿಗಳು ಕಾಲಿಗೆ ಏನಾಯಿತು ಎಂದು ಕೇಳುತ್ತಾರೆ. “ಬೆನ್ನು ಆಪರೇಷನ್ ಆತು,” ಎನ್ನುತ್ತಾನೆ, ಅಷ್ಟೇ.

ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಇರುತ್ತದೆ. ಈವರೆಗೆ ಗಡ್ಡೆ ಮತ್ತೆ ಬೆಳೆದಿಲ್ಲ. ಆದರೂ ಸ್ಕ್ಯಾನಿನ ವಾರ ಬಂದರೆ ಸದಾ ಜಗಳವಾಡುವ ಈ ಅಕ್ಕ ತಮ್ಮ ಮಾತೇ ನಿಲ್ಲಿಸುತ್ತಾರೆ. ವಾಣಿ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಾಳೆ. ಅವನು ಒಳಗೆ ಹೋದ ಮೇಲೆ ಹೊರಗೆ ಕುರ್ಚಿಯ ಅಂಚಿನಲ್ಲಿ ಕೂತು, ಅವನ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಬಾಗಿಲನ್ನೇ ನೋಡುತ್ತಿರುತ್ತಾಳೆ. ಒಳಗಿನಿಂದ ಯಂತ್ರದ ಗುಂಯ್ ಎಂಬ ಸದ್ದು ಕೇಳುತ್ತದೆ. ಅದು ನಿಂತಾಗ ಅವಳು ಎದ್ದು ನಿಲ್ಲುತ್ತಾಳೆ.